ಮೂವತ್ತೊಂದೋ ಮೂವತ್ತೆರಡೋ

ಲುದಿವಿಯಾ ಪಾಬೊನ್ ನಮ್ಮ ಪ್ರಯೋಗಾಲಯಕ್ಕೆ ಕೆಲಸ ಕೇಳಿಕೊಂಡು ಬಂದ ದಿನ ಡಾಕ್ಟರಮ್ಮ ಅವಳ ಕಾಗದಪತ್ರ ಯಾವುದನ್ನೂ ನೋಡಲಿಲ್ಲ. ಒಂದು ಟ್ರೇ ಮೊಟ್ಟೆ ತಂದು ಮುಂದಿಟ್ಟರು.

"ಎಂಟು ದಿನ ಕಾವು ಕೊಟ್ಟಿರೋ ಮೊಟ್ಟೆ ಇವು. ಜೀವ ಇರೋದು ಯಾವುದು, ಇಲ್ಲದ್ದು ಯಾವುದು, ಹೇಳ್ತೀರಾ?"

ಅವೇ ಮೂವತ್ತು ಮೊಟ್ಟೆಗಳ ಮೇಲೆ ಇಬ್ಬರು ವಿದ್ಯಾರ್ಥಿಗಳು ಬೆಳಿಗ್ಗೆಯಿಂದ ಜಗಳವಾಡಿದ್ದರು. ಲುದಿವಿಯಾ ಕಿಟಕಿಯ ಪರದೆ ಎಳೆಸಿ ಕೋಣೆ ಕತ್ತಲು ಮಾಡಿಸಿದಳು. ಒಂದೊಂದನ್ನೇ ಎತ್ತಿ ದೀಪದ ತೂತಿಗೆ ಒತ್ತಿ, ಬೆರಳಲ್ಲಿ ಕಾಲು ಸುತ್ತು ತಿರುಗಿಸಿ ಕೆಳಗಿಟ್ಟಳು. ಐದು ನಿಮಿಷವೂ ಹಿಡಿಯಲಿಲ್ಲ.

"ಈ ನಾಲ್ಕು ಗೊಡ್ಡು. ಹುಂಜವೇ ಮುಟ್ಟಿಲ್ಲ. ಈ ಮೂರು ಮೊನ್ನೆ ಸತ್ತಿವೆ. ಇದೊಂದು ಇನ್ನೂ ಇದೆ, ಆದರೆ ಸಂಜೆವರೆಗೂ ಇರಲ್ಲ."

ಡಾಕ್ಟರಮ್ಮ ಏಳನ್ನೂ ಒಡೆದು ನೋಡಿದರು. ಹೇಳಿದ್ದು ಹೇಳಿದ ಹಾಗೇ ಇತ್ತು. ಎಂಟನೆಯದು ಸಂಜೆ ನಾಲ್ಕಕ್ಕೆ ಮಿಸುಕಾಡುವುದನ್ನು ನಿಲ್ಲಿಸಿತು. ಮರುದಿನದಿಂದಲೇ ಲುದಿವಿಯಾ ಕೆಲಸಕ್ಕೆ ಬಂದಳು.

ನಾನು ಅಲ್ಸಿರಾ. ಬುಕಾರಾಮಾಂಗ ನಗರದ ಆ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವವಳು, ಇಪ್ಪತ್ತೆರಡು ವರ್ಷದಿಂದ. ಯಾರು ಬಂದರು, ಯಾರು ಹೋದರು, ಯಾರು ಏನು ಒಡೆದು ಬಚ್ಚಿಟ್ಟರು, ಎಲ್ಲ ನನ್ನ ತೊಟ್ಟಿಗೇ ಬಂದು ಬೀಳಬೇಕು. ಹಾಗಾಗಿ ಲುದಿವಿಯಾಳ ಕಥೆಯೂ ನನ್ನ ಕೈಗೆ ಬಂತು.

ಅವಳು ಲೆಬ್ರಿಹಾದವಳು. ಅಲ್ಲಿ ಮನುಷ್ಯರಿಗಿಂತ ಕೋಳಿ ಜಾಸ್ತಿ. ಹದಿನೆಂಟು ವರ್ಷ ಒಂದು ಹ್ಯಾಚರಿಯಲ್ಲಿ ಮೊಟ್ಟೆ ನೋಡಿದಳು, ದಿನಕ್ಕೆ ನಾಲ್ಕು ಸಾವಿರ. ಆಮೇಲೆ ಮೊಟ್ಟೆ ನೋಡುವ ಯಂತ್ರ ಬಂತು, ಇವಳನ್ನು ಮನೆಗೆ ಕಳಿಸಿದರು. ಮದುವೆ ಮಾಡಿಕೊಂಡಿರಲಿಲ್ಲ. ಇಲ್ಲಿ ಅಕ್ಕ ತೆಯೊದೊಲಿಂದಾಳ ಜೊತೆ ಇದ್ದಳು. ಅಕ್ಕ ಮಾರುಕಟ್ಟೆಯ ಮೂಲೆಯಲ್ಲಿ ಕೆಂಡದ ಮೇಲೆ ಜೋಳದ ಅರೆಪಾ ರೊಟ್ಟಿ ಸುಟ್ಟು ಮಾರುವವಳು. ಅವಳ ಬಾಯಿಯೂ ಆ ಕೆಂಡದಷ್ಟೇ ಬಿಸಿ. ನಮ್ಮ ಸಾಂತಾಂದೆರ್ ಪ್ರಾಂತ್ಯದಲ್ಲಿ ಅಕ್ಕತಂಗಿಯರೂ ಪರಸ್ಪರ "ನೀವು" ಅಂತಲೇ ಮಾತಾಡುತ್ತೇವೆ, ಬೈಯುವಾಗಲೂ.

ಡಾಕ್ಟರಮ್ಮ ಅಂದರೆ ನೊಯೆಮಿ ಸೆರ್ರಾನೊ. ಕ್ಯಾನ್ಸರ್ ಗಡ್ಡೆಗೆ ರಕ್ತ ಹೇಗೆ ಸಿಗುತ್ತದೆ, ಯಾವ ಔಷಧಿ ಕೊಟ್ಟರೆ ನಿಲ್ಲುತ್ತದೆ ಅಂತ ನೋಡುವುದು ಅವರ ಕೆಲಸ. ಆಸ್ಪತ್ರೆಯಲ್ಲಿ ರೋಗಿಯಿಂದ ತೆಗೆದ ಗಡ್ಡೆಯ ಸಾಸಿವೆ ಕಾಳಿನಷ್ಟು ಚೂರನ್ನು ತಂದು, ಒಳಗೆ ಪಿಳ್ಳೆ ಬೆಳೆಯುತ್ತಿರುವ ಮೊಟ್ಟೆಯ ಚಿಪ್ಪಿನಲ್ಲಿ ಉಗುರಗಲ ಕಿಂಡಿ ಕೊರೆದು, ಒಳಗಿನ ಪೊರೆಯ ಮೇಲೆ ಇಟ್ಟು, ಟೇಪು ಅಂಟಿಸಿ ಮತ್ತೆ ಕಾವು ಪೆಟ್ಟಿಗೆಗೆ ಇಡುತ್ತಿದ್ದರು. ಆ ಪೊರೆಯ ತುಂಬ ರಕ್ತನಾಳ. ಗಡ್ಡೆ ಹಿಡಿದುಕೊಂಡಿತು ಅಂದರೆ ನಾಳಗಳೆಲ್ಲ ಅದರ ಕಡೆಗೇ ತಿರುಗಿ ಹರಿಯುತ್ತವೆ.

"ಮೊಟ್ಟೇನೇ ಯಾಕೆ ಡಾಕ್ಟರಮ್ಮಾ?" ಅಂತ ಲುದಿವಿಯಾ ಮೊದಲ ವಾರವೇ ಕೇಳಿದಳು.

"ಇದು ಯಾರದೋ ಮಾಂಸ, ನಂದಲ್ಲ ಅಂತ ಗುರುತು ಹಿಡಿದು ಒದ್ದೋಡಿಸೋ ಬುದ್ಧಿ ಆ ಪಿಳ್ಳೆಗೆ ಇನ್ನೂ ಬಂದಿರಲ್ಲ. ಏನು ಕೊಟ್ಟರೂ ತನ್ನದೇ ಅಂದ್ಕೊಂಡು ಸಾಕುತ್ತೆ."

ಲುದಿವಿಯಾಗೆ ಅದು ಇಷ್ಟವಾಯಿತು. ಕಿಂಡಿ ಎಲ್ಲಿ ಕೊರೆದರೆ ನಾಳಕ್ಕೆ ಪೆಟ್ಟಾಗುವುದಿಲ್ಲ ಅಂತ ದೀಪದಲ್ಲಿ ನೋಡಿ ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು ಅವಳ ಪಾಲಿಗೆ ಬಂತು. ಮೊದಲು ಹತ್ತಕ್ಕೆ ಐದು ಸಾಯುತ್ತಿದ್ದವು, ಇವಳು ಬಂದ ಮೇಲೆ ಒಂದೋ ಎರಡೋ. ಆದರೆ ಮೊದಲ ಕಂತು ಹದಿನಾಲ್ಕನೇ ದಿನಕ್ಕೆ ಮುಟ್ಟಿದಾಗ ಅವಳು ಟ್ರೇಗೆ ಹುಲ್ಲು ಹಾಸಬೇಕಾ, ಮರಿ ಇಡೋಕೆ ರಟ್ಟಿನ ಡಬ್ಬ ಎಲ್ಲಿದೆ ಅಂತ ಕೇಳಿದಳು.

ಡಾಕ್ಟರಮ್ಮ ತಡೆದರು. "ಇವು ಹೊರಗೆ ಬರಲ್ಲ ಲುದಿವಿಯಾ. ಇವತ್ತಿಗೆ ಮುಗೀತು. ತಣ್ಣಗೆ ಇಡ್ತೀವಿ, ಗಡ್ಡೆ ತೆಗೆದು ನೋಡ್ತೀವಿ."

"ಎಲ್ಲವನ್ನೂನಾ?"

"ಎಲ್ಲವನ್ನೂ."

ಹದಿನೆಂಟು ವರ್ಷ ಒಂದು ಮೊಟ್ಟೆ ಸತ್ತರೆ ಅದು ತನ್ನ ತಪ್ಪು ಅಂದುಕೊಂಡು ಬದುಕಿದ ಹೆಂಗಸು ಆ ಸಂಜೆ ನನ್ನ ತೊಟ್ಟಿಯ ಪಕ್ಕ ಬಂದು ನಿಂತಳು. "ಅಲ್ಸಿರಕ್ಕಾ, ಅಲ್ಲಿ ಗೋಡೆ ಮೇಲೆ ಒಂದು ಕಾಗದ ಹಾಕಿದಾರೆ, ನೋಡಿದೀರಾ? ಇಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಯಲ್ಲ ಅಂತ. ಹಂಗಾದರೆ ಒಳಗಿರೋದು ಏನು?"

"ನಂಗೇನು ಗೊತ್ತು? ಡಾಕ್ಟರಮ್ಮನ್ನೇ ಕೇಳಿ."

ಕೇಳಿದಳು. ಇಂತಿಷ್ಟು ದಿನದವರೆಗೆ ಅದನ್ನು ಪ್ರಾಣಿ ಅಂತ ಲೆಕ್ಕಕ್ಕೆ ಹಿಡಿಯಲ್ಲ, ನೋವು ತಿಳಿಯೋ ನರ ಅದಕ್ಕಿನ್ನೂ ಕೂಡಿರಲ್ಲ ಅಂತ ಡಾಕ್ಟರಮ್ಮ ಹೇಳಿದರು. "ಆ ದಿನಕ್ಕೆ ಒಂದು ದಿನ ಮುಂಚೆ ಅದು ಏನಾಗಿರುತ್ತೆ?" ಅಂತ ಇವಳು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ನಿಜ ಹೇಳಲಾ? ನಂಗೂ ಸರಿಯಾಗಿ ಗೊತ್ತಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೀಬೇಕಲ್ಲ, ಎಳೆದಿದಾರೆ."

ಹೀಗೆ ಎರಡು ವರ್ಷ ಕಳೆಯಿತು. ಲುದಿವಿಯಾ ಒಗ್ಗಿಕೊಂಡಳು ಅಂತ ನಾನು ಅಂದುಕೊಂಡೆ. ಹದಿನಾಲ್ಕನೇ ದಿನ ಮಾತ್ರ ಏನಾದರೂ ನೆಪ ಮಾಡಿ ಮಧ್ಯಾಹ್ನವೇ ಮನೆಗೆ ಹೋಗಿಬಿಡುತ್ತಿದ್ದಳು.

ಮೂರನೇ ವರ್ಷ ಅಕ್ಕ ತೆಯೊದೊಲಿಂದಾಳ ಎಡ ಮೊಲೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ನಿಗೆ ಸೋಮವಾರ ಸೇರಿಸಿಕೊಂಡರು. ನಾನೂ ನೋಡಲು ಹೋಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಫ್ಲೋರಾಲ್ಬಾ ಅಂತ ಒಬ್ಬಳು, ಮೂವತ್ತೈದರ ಒಳಗೇ ಇದ್ದಾಳು, ಸಾನ್ ಫ್ರಾನ್ಸಿಸ್ಕೊ ಬಡಾವಣೆಯ ಚಪ್ಪಲಿ ಕಾರ್ಖಾನೆಯಲ್ಲಿ ಹೊಲಿಗೆ ಹಾಕುವವಳು. ಅವಳಿಗೂ ಅದೇ ಕಾಯಿಲೆ, ಇಬ್ಬರಿಗೂ ಮರುದಿನ ಮಂಗಳವಾರವೇ ಆಪರೇಷನ್ನು. ನೋಡಿಕೊಳ್ಳಲು ಯಾರೂ ಬಂದಿರಲಿಲ್ಲ. ಅವಳಿಗೂ ಸಾರು ಕುಡಿಸಿದ್ದು ಲುದಿವಿಯಾನೇ.

ಒಬ್ಬ ನರ್ಸು ಕಾಗದ ತಂದಳು. ತೆಗೆದ ಗಡ್ಡೆಯಲ್ಲಿ ಸ್ವಲ್ಪ ಸಂಶೋಧನೆಗೆ ಕೊಡಲು ಒಪ್ಪಿಗೆಯಾ ಅಂತ. ತೆಯೊದೊಲಿಂದಾ ಓದದೇ ಸಹಿ ಹಾಕಿ, "ಪೂರ್ತಿ ತಗೊಂಡು ಹೋಗಿ ಮಗಳೇ, ನಂಗೆ ಬೇಡ ಅದು" ಅಂದಳು. ಫ್ಲೋರಾಲ್ಬಾ ಎರಡು ಸಲ ಓದಿ ಸಹಿ ಹಾಕಿದಳು. ಲುದಿವಿಯಾ ಮಾತ್ರ ಆ ಕಾಗದವನ್ನೇ ನೋಡುತ್ತ ನಿಂತಳು. ಅದು ಎಲ್ಲಿಗೆ ಹೋಗುತ್ತದೆ ಅಂತ ಆ ಕೋಣೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನ ಮಂಜುಗಡ್ಡೆಯ ಡಬ್ಬಿಯಲ್ಲಿ ಎರಡು ಕೊಳವೆ ಬಂದವು. ಹೆಸರಿಲ್ಲ. ಒಂದಕ್ಕೆ ಮೂವತ್ತೊಂದು, ಇನ್ನೊಂದಕ್ಕೆ ಮೂವತ್ತೆರಡು. ಹೆಸರು ಮತ್ತು ಸಂಖ್ಯೆಯ ಪಟ್ಟಿ ಆಸ್ಪತ್ರೆಯಲ್ಲಿ ಬೀಗದೊಳಗೆ, ಡಾಕ್ಟರಮ್ಮನಿಗೂ ಗೊತ್ತಾಗುವಂತಿಲ್ಲ.

ಲುದಿವಿಯಾ ಲೆಕ್ಕ ಹಾಕಿದಳು. ಅಕ್ಕನನ್ನು ಮೊದಲು ಒಳಗೆ ಕರೆದುಕೊಂಡು ಹೋದರು. ಹಾಗಾದರೆ ಮೂವತ್ತೊಂದು ಅಕ್ಕನದೇ.

"ಅಕ್ಕಾ, ನಾನು ನಮ್ಮಕ್ಕನ್ನ ನೋಡಿದೆ," ಅಂತ ನನ್ನ ಕಿವಿಯಲ್ಲಿ ಹೇಳಿದಳು. "ಒಂದು ಸಾಸಿವೆ ಕಾಳು. ಬಿಳೀ ಬಣ್ಣ."

"ಅವರದೇ ಅಂತ ಹೆಂಗೆ ಹೇಳ್ತೀರಿ?"

"ನಂಗೆ ಗೊತ್ತಾಗುತ್ತೆ."

ಒಂದೊಂದು ಸಂಖ್ಯೆಗೂ ಇಪ್ಪತ್ತು ಮೊಟ್ಟೆ ಇಟ್ಟರು. ಅದಾದ ಮೇಲೆ ಅವಳು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ, ಆದರೆ ಏನು ಮಾಡುತ್ತಿದ್ದಾಳೆ ಅಂತ ಆಗ ಹೊಳೆಯಲಿಲ್ಲ. ಕಾವು ಪೆಟ್ಟಿಗೆಯಲ್ಲಿ ಮೂರು ಅಟ್ಟ. ಹದಿನೆಂಟು ವರ್ಷದ ಕೈಗೆ ಮಾತ್ರ ಗೊತ್ತಾಗುವ ವಿಷಯ ಏನೆಂದರೆ, ನಡುವಿನ ಅಟ್ಟದಲ್ಲಿ ಶಾಖ ಕೂದಲೆಳೆಯಷ್ಟು ಹೆಚ್ಚು, ಒಂದೇ ಸಮ. ಬಾಗಿಲ ಹತ್ತಿರದ ಕೆಳಗಿನ ಅಟ್ಟ ತುಸು ತಣ್ಣಗೆ. ಅವಳು ಮೂವತ್ತೊಂದರ ಮೊಟ್ಟೆಗಳನ್ನೆಲ್ಲ ಬೆಚ್ಚಗಿನ ಅಟ್ಟಕ್ಕೆ ತಂದಳು, ಮೂವತ್ತೆರಡನ್ನು ಕೆಳಗಿಟ್ಟಳು. ಬೆಳಿಗ್ಗೆ ಬಂದ ಕೂಡಲೇ ಮೂವತ್ತೊಂದನ್ನು ನೋಡುವುದು, ಆ ಅಟ್ಟದಲ್ಲಿ ತೇವಕ್ಕಿಟ್ಟ ನೀರಿನ ತಟ್ಟೆ ತುಂಬಿಸುವುದು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುವುದು. ಈ ಮೊಟ್ಟೆಗಳು ಬದುಕಿದರೆ ಅಕ್ಕ ಬದುಕುತ್ತಾಳೆ ಅಂತ ಅವಳ ತಲೆಯಲ್ಲಿ ಹೇಗೋ ಕೂತುಬಿಟ್ಟಿತ್ತು.

ಬದುಕಿದವು. ಇಪ್ಪತ್ತಕ್ಕೆ ಇಪ್ಪತ್ತು. ಹನ್ನೆರಡನೇ ದಿನ ಡಾಕ್ಟರಮ್ಮ ಒಂದರ ಟೇಪು ಬಿಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ, "ಅಬ್ಬಾ! ಲುದಿವಿಯಾ, ಬನ್ನಿ ಇಲ್ಲಿ, ಎಷ್ಟು ಚೆನ್ನಾಗಿ ಹಿಡಿದಿದೆ ನೋಡಿ!" ಅಂತ ಕರೆದರು.

ಲುದಿವಿಯಾ ಬಗ್ಗಿ ನೋಡಿದಳು. ಸಾಸಿವೆ ಕಾಳು ಕಡಲೆ ಕಾಳಾಗಿತ್ತು. ಕೆಂಪಗೆ, ನುಣ್ಣಗೆ, ಸುತ್ತಲಿಂದ ನಾಳಗಳು ಅದಕ್ಕೇ ಬಂದು ಸೇರಿದ್ದವು. ಮೂವತ್ತೆರಡರಲ್ಲಿ ಹೆಚ್ಚಿನ ಚೂರುಗಳು ಒಣಗಿ ಹಕ್ಕಳೆಯ ಹಾಗೆ ಉದುರಿದ್ದವು.

ಅವಳು ಬಚ್ಚಲಿಗೆ ಹೋಗಿ ಕೈ ಉಜ್ಜಿ ಉಜ್ಜಿ ತೊಳೆಯತೊಡಗಿದಳು. ನಾನು ಹಿಂದೆಯೇ ಹೋದೆ.

"ನಾನು ಏನನ್ನ ಸಾಕಿದೆ ಅಕ್ಕಾ? ಮೊಟ್ಟೆ ಬದುಕಲಿ ಅಂತ ಬೇಡಿಕೊಂಡೆ. ಮೊಟ್ಟೆ ಬದುಕಿದರೆ ಅದೂ ಬದುಕುತ್ತೆ ಅನ್ನೋದು ನಂಗೆ ಯಾಕೆ ಹೊಳೀಲಿಲ್ಲ? ನಮ್ಮಕ್ಕನ ಕಾಯಿಲೆಗೇ ಕಾವು ಕೊಟ್ಟೆನಲ್ಲ!"

ಮುಖ ತೊಳೆಸಿ ಕೂರಿಸಿದೆ. ಆಮೇಲೆ ತಲೆ ಎತ್ತಿ, "ಅಥವಾ ನಮ್ಮಕ್ಕಂದು ಮೂವತ್ತೆರಡೇ ಇರಬಹುದು," ಅಂದಳು. "ಒಳಗೆ ಮೊದಲು ಹೋದವರ ಕೊಳವೆಗೇ ಮೊದಲ ಸಂಖ್ಯೆ ಅಂತ ಏನು ನಿಯಮ? ಮೂವತ್ತೆರಡೇ. ಒಣಗಿ ಉದುರಿದ್ದೇ ನಮ್ಮದು."

ಹಾಗೆ ಅಂದ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಮೂವತ್ತೆರಡು ಅಕ್ಕನದಾದರೆ ಮೂವತ್ತೊಂದು ಆ ಚಪ್ಪಲಿ ಹೊಲಿಯುವ ಹುಡುಗಿಯದು. ಲುದಿವಿಯಾಳ ಕೈಯಿಂದಲೇ ಸಾರು ಕುಡಿದಿದ್ದಳಲ್ಲ ಆ ಹುಡುಗಿ. ಆ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದರೂ ಲುದಿವಿಯಾ ಮೊಣಕಾಲೂರಿಯೇ ಇದ್ದಳು. ನಾನು ಭುಜ ತಟ್ಟಿದೆ. "ಪ್ರಾರ್ಥನೆ ಶುರುವೇ ಮಾಡೋಕೆ ಆಗ್ತಿಲ್ಲ ಅಕ್ಕಾ," ಅಂದಳು. "ಒಬ್ಬರಿಗೆ ಒಳ್ಳೇದಾಗಲಿ ಅಂದರೆ ಇನ್ನೊಬ್ಬರಿಗೆ ಕೆಟ್ಟದಾಗಲಿ ಅಂದಂಗೆ ಆಗುತ್ತೆ. ಏನಂತ ಕೇಳಲಿ?"

ಸೋಮವಾರ ಡಾಕ್ಟರಮ್ಮನ ಮುಂದೆ ನಿಂತು ಎಲ್ಲ ಹೇಳಿಬಿಟ್ಟಳು. ಅಟ್ಟ ಬದಲಿಸಿದ್ದು, ಯಾಕೆ ಬದಲಿಸಿದ್ದು, ಎಲ್ಲ.

ಡಾಕ್ಟರಮ್ಮ ಕೂಗಾಡುವ ಜಾತಿಯಲ್ಲ. ಅವತ್ತು ಕೂಗಾಡಿದರು. "ನಲವತ್ತು ಮೊಟ್ಟೆ! ಆರು ತಿಂಗಳ ಸಿದ್ಧತೆ! ಇದರಲ್ಲಿ ಯಾವುದು ಗಡ್ಡೆಯ ಗುಣ, ಯಾವುದು ನಿಮ್ಮ ಅಟ್ಟದ ಗುಣ ಅಂತ ನಾನು ಹೇಗೆ ಹೇಳಲಿ ಈಗ?"

"ಅಕ್ಕನಿಗೆ ಯಾವ ಔಷಧಿ ಕೊಡಬೇಕು ಅಂತ ಇದರಿಂದ ಗೊತ್ತಾಗುತ್ತೆ ಅಂದುಕೊಂಡೆ..."

ಡಾಕ್ಟರಮ್ಮನ ಸಿಟ್ಟು ಅಲ್ಲೇ ಇಳಿಯಿತು. ಕುರ್ಚಿ ಎಳೆದು ಅವಳನ್ನು ಕೂರಿಸಿದರು. "ನೋಡಿ, ಇಲ್ಲಿ ನಾವು ನೋಡೋದು ಯಾವುದೂ ನಿಮ್ಮ ಅಕ್ಕನಿಗೆ ಹೋಗಿ ಮುಟ್ಟಲ್ಲ. ಅವರ ಔಷಧಿ ಆಸ್ಪತ್ರೆಯವರು ತೀರ್ಮಾನ ಮಾಡಿ ಆಗಿದೆ. ಇದು ಮುಂದೆ ಬರೋರಿಗೆ. ಮೊಟ್ಟೆ ಮೇಲೆ ಬೆಳೀತು ಅಂದ ಮಾತ್ರಕ್ಕೆ ಮೈಯಲ್ಲೂ ಬೆಳೆಯುತ್ತೆ ಅಂತಲ್ಲ. ಬೆಳೀಲಿಲ್ಲ ಅಂದರೆ ವಾಸಿ ಅಂತಲೂ ಅಲ್ಲ."

"ಹಂಗಾದರೆ ನಾವು ಯಾಕೆ ನೋಡ್ತಿದೀವಿ?"

"ಅದನ್ನ ತಿಳ್ಕೊಳ್ಳೋಕೇ ನೋಡ್ತಿದೀವಿ."

ಲುದಿವಿಯಾ ತಲೆ ಆಡಿಸಿದಳು. ಅರ್ಥವಾಗಿರಲಿಲ್ಲ ಅಂತ ನನಗೆ ಗೊತ್ತಾಯಿತು, ಯಾಕೆಂದರೆ ನನಗೂ ಆಗಿರಲಿಲ್ಲ.

ಕೆಲಸದಿಂದ ತೆಗೆಯುತ್ತಾರೆ ಅಂತ ಅವಳು ತನ್ನ ಬಟ್ಟಲು, ಏಪ್ರನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ತೆಗೆಯಲಿಲ್ಲ. ಎರಡೂ ಗಡ್ಡೆಗಳ ಚೂರು ಫ್ರೀಜರಿನಲ್ಲಿ ಇನ್ನೂ ಇತ್ತು, ಮೊದಲಿಂದ ಮಾಡೋಣ ಅಂದರು ಡಾಕ್ಟರಮ್ಮ. ಆಗ ದಾರಿ ತೋರಿಸಿದ್ದು ಲುದಿವಿಯಾನೇ. "ಸಂಖ್ಯೆ ನಂಗೆ ಗೊತ್ತಾಗಬಾರದು. ನಿಮ್ಮ ಹುಡುಗರಿಗೂ ಬೇಡ, ಅವರ ಬಾಯಿ ನಿಲ್ಲಲ್ಲ. ಮೊಟ್ಟೆಗೆ ಬರೀ ಬಣ್ಣದ ಚುಕ್ಕೆ ಇರಲಿ. ಯಾವ ಬಣ್ಣ ಯಾವುದಕ್ಕೆ ಅಂತ ಅಲ್ಸಿರಕ್ಕ ಒಬ್ಬರೇ ಬರೆದಿಟ್ಟುಕೊಳ್ಳಲಿ."

ಹಾಗೆ ಐವತ್ತೆಂಟನೇ ವಯಸ್ಸಿನಲ್ಲಿ, ಪಾತ್ರೆ ತೊಳೆಯುವ ನಾನು ವಿಜ್ಞಾನದ ಗುಟ್ಟು ಕಾಯುವವಳಾದೆ. ಹಳದಿ, ಹಸಿರು, ನೀಲಿ, ಕೆಂಪು, ಒಂದೊಂದು ಸಂಖ್ಯೆಗೆ ಎರಡೆರಡು ಬಣ್ಣ. ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಓಡಾಡಿದೆ. ಲುದಿವಿಯಾ ದೀಪದಲ್ಲಿ ಮೊಟ್ಟೆ ನೋಡುವುದು, ತಿರುಗಿ ನನ್ನ ಮುಖ ನೋಡುವುದು. ನಾನು ನಲ್ಲಿ ಜೋರಾಗಿ ಬಿಟ್ಟು ಸೀಸೆ ಉಜ್ಜುತ್ತಿದ್ದೆ. "ಅಕ್ಕಾ, ಹಳದಿಯವು ಬಹಳ ಚುರುಕಾಗಿವೆ," ಅಂತ ಸುಮ್ಮನೆ ಅಂದು ನೋಡುವಳು. "ಇರಲಿ ಬಿಡಿ," ಅನ್ನುತ್ತಿದ್ದೆ. ಅವಳಿಗಿಂತ ನನ್ನ ಗೋಳು ದೊಡ್ಡದು. ಯಾವ ಚುಕ್ಕೆ ಯಾವ ಸಂಖ್ಯೆ ಅಂತ ಗೊತ್ತು, ಆ ಸಂಖ್ಯೆ ಯಾರು ಅಂತ ಗೊತ್ತಿಲ್ಲ.

ಈ ನಡುವೆ ಅವಳು ಅಕ್ಕನಿಗೂ ಹೇಳಿಬಿಟ್ಟಳು. ನಾನು ಅರೆಪಾ ತಿನ್ನುತ್ತ ಅಲ್ಲೇ ನಿಂತಿದ್ದೆ. ತೆಯೊದೊಲಿಂದಾ ಔಷಧಿಯಿಂದ ಕೂದಲುದುರಿ ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡಿದ್ದಳು, ಆದರೂ ಕೆಂಡದ ಮುಂದಿನಿಂದ ಏಳುತ್ತಿರಲಿಲ್ಲ.

"ನನ್ನ ಮೊಲೆ ಕೋಳಿಮೊಟ್ಟೆ ಒಳಗಿದೆಯಾ?"

"ಒಂದು ಚೂರು."

"ಅಲ್ಲೇನು ಮಾಡ್ತಿದೆ? ಮರಿ ಹಾಕುತ್ತಾ?" ಅಂತ ಹೊಟ್ಟೆ ಹಿಡಿದು ನಕ್ಕಳು. ಗಿರಾಕಿಗಳು ತಿರುಗಿ ನೋಡಿದರು. ಆಮೇಲೆ ಇಕ್ಕಳ ಕೆಳಗಿಟ್ಟು, "ಅಲ್ಲ ಲುದಿವಿಯಾ, ಅದನ್ನ ನೋಡಿಕೊಂಡು ಅಳ್ತಿದೀರಂತೆ. ನಾನು ಇಲ್ಲಿದೀನಿ. ಒಂದೇ ಮನೇಲಿದ್ದೂ ನನ್ನ ಹತ್ರ ಕೂರೋಕೆ ಭಾನುವಾರ ಮಾತ್ರ ಬರ್ತೀರಿ. ದಿನಾ ಹೋಗಿ ಆ ಚೂರನ್ನ ಮಾತಾಡಿಸ್ತೀರಿ. ಯಾರು ಅಕ್ಕ ನಿಮಗೆ, ನಾನಾ ಅದಾ?"

ಲುದಿವಿಯಾ ಮರುದಿನದಿಂದ ಸಂಜೆ ಅಂಗಡಿಗೆ ಹೋಗಿ ಜೋಳ ರುಬ್ಬಿಕೊಡತೊಡಗಿದಳು.

ಎರಡನೇ ಸಲದ ಫಲ ಬಂತು. ನನ್ನ ಚೀಟಿ ಬಿಚ್ಚಿದೆವು. ಡಾಕ್ಟರಮ್ಮ, ಇಬ್ಬರು ವಿದ್ಯಾರ್ಥಿಗಳು, ಲುದಿವಿಯಾ, ನಾನು, ಮೇಜಿನ ಸುತ್ತ. ಮೊದಲ ಸಲ ಕಡಲೆ ಕಾಳಿನ ಹಾಗೆ ಉಬ್ಬಿದ್ದ ಮೂವತ್ತೊಂದು ಈ ಸಲ ಅರ್ಧಕ್ಕರ್ಧ ಮೊಟ್ಟೆಗಳಲ್ಲಿ ಹಿಡಿದೇ ಇರಲಿಲ್ಲ. ಒಣಗಿ ಉದುರಿದ್ದ ಮೂವತ್ತೆರಡು ಈ ಸಲ ಇಪ್ಪತ್ತಕ್ಕೆ ಹನ್ನೊಂದರಲ್ಲಿ ಚೆನ್ನಾಗಿ ಬೆಳೆದಿತ್ತು. ಡಾಕ್ಟರಮ್ಮ ಹಾಳೆಗಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಅವರ ಮುಖವೂ ಅವತ್ತು ಬಚ್ಚಲಲ್ಲಿ ಕಂಡ ಲುದಿವಿಯಾಳ ಮುಖದ ಹಾಗೇ ಆಯಿತು.

"ಅಟ್ಟ," ಅಂದರು ಕೊನೆಗೆ. "ಯಾವ ಸಂಖ್ಯೆಯದಾದರೂ ಹಿಡಿದಿರೋದು ನಡುವಿನ ಅಟ್ಟದಲ್ಲೇ. ಅರ್ಧ ಡಿಗ್ರಿ ವ್ಯತ್ಯಾಸ. ನಾವು ಎಂಟು ವರ್ಷದಿಂದ ಮೊಟ್ಟೆಗಳನ್ನ ಖಾಲಿ ಇದ್ದ ಕಡೆ ಇಡ್ತಾ ಬಂದಿದೀವಲ್ಲ!"

ಆಮೇಲೆ ಅಟ್ಟವನ್ನೇ ಹಿಡಿದು ಒಂದು ವರ್ಷ ಕೆಲಸ ಮಾಡಿದರು. ಯಾವ ಅಟ್ಟದಲ್ಲಿ ಎಷ್ಟು ಶಾಖ, ಗಡ್ಡೆ ಎಷ್ಟು ಹಿಡಿಯುತ್ತದೆ ಅಂತ. ಅದು ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಬರೆದವರ ಹೆಸರುಗಳಲ್ಲಿ ಮೂರನೆಯದು ಲುದಿವಿಯಾ ಪಾಬೊನ್. ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ನಾನು ಮಾಡಿದ ತಪ್ಪಿಗೆ ನನ್ನ ಹೆಸರು ಹಾಕಿದಾರೆ. ಇದು ಸನ್ಮಾನನಾ, ಶಿಕ್ಷೆನಾ ಅಕ್ಕಾ?"

"ಕಳ್ಳರ ಹಾಗೆ ಫೋಟೋ ಹಾಕಿಲ್ಲವಲ್ಲ. ಸನ್ಮಾನನೇ ಇರಬೇಕು."

ತೆಯೊದೊಲಿಂದಾಳ ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ಫ್ಲೋರಾಲ್ಬಾ ಕೂಡ ಕೆಲಸಕ್ಕೆ ಹೋಗತೊಡಗಿದಳು. ಔಷಧಿಗೆ ಇಬ್ಬರೂ ಒಟ್ಟಿಗೆ ಹೋಗಿ ಬಂದು ಸ್ನೇಹವಾಗಿತ್ತು. ಶನಿವಾರ ಫ್ಲೋರಾಲ್ಬಾ ಅಂಗಡಿಗೆ ಬಂದು ಕೂರುತ್ತಿದ್ದಳು. ಪ್ರತಿ ತಪಾಸಣೆಗೂ ಇಬ್ಬರ ವರದಿಯೂ ಚೆನ್ನಾಗಿ ಬರುತ್ತಿತ್ತು. ಲುದಿವಿಯಾ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುತ್ತಿದ್ದಳು, ಎಲ್ಲಾದರೂ ಒಂದು ವ್ಯತ್ಯಾಸ ಸಿಗುತ್ತದೇನೋ ಅಂತ.

ಆಪರೇಷನ್ನಾದ ನಾಲ್ಕನೇ ವರ್ಷ ತೆಯೊದೊಲಿಂದಾ ತೀರಿಕೊಂಡಳು. ಕ್ಯಾನ್ಸರಿನಿಂದ ಅಲ್ಲ. ಬೆಳಿಗ್ಗೆ ಹತ್ತು ಗಂಟೆಗೆ, ಗಿರಾಕಿಯೊಬ್ಬನಿಗೆ ಬೈಯುತ್ತಿದ್ದವಳು ಮಾತಿನ ನಡುವೆಯೇ ಸ್ಟೂಲಿನಿಂದ ಜಾರಿದಳು. ಹೃದಯ ಅಂದರು. ಲುದಿವಿಯಾ ಡಾಕ್ಟರುಗಳನ್ನು ಮೂರು ಸಲ ಕೇಳಿದಳು, ಆ ಗಂಟಿಗೂ ಇದಕ್ಕೂ ಸಂಬಂಧ ಇದೆಯಾ ಅಂತ. ಮೂರು ಸಲವೂ ಇಲ್ಲ ಅಂದರು. ಅಷ್ಟು ವರ್ಷ ಒಂದು ಕಡೆ ಕಾವಲು ಕೂತಿದ್ದವಳಿಗೆ ಇನ್ನೊಂದು ಬಾಗಿಲಿಂದ ಬಂದದ್ದು ನಂಬಲಾಗಲಿಲ್ಲ. ಒಂಬತ್ತು ದಿನದ ಜಪಕ್ಕೂ ಫ್ಲೋರಾಲ್ಬಾ ತಪ್ಪದೆ ಬಂದು ಕಾಫಿ ಹಂಚಿದಳು.

ಹೋದ ವರ್ಷ ಡಾಕ್ಟರಮ್ಮ ನಿವೃತ್ತರಾದರು. ಕಪಾಟು ಖಾಲಿ ಮಾಡುವಾಗ ಲುದಿವಿಯಾಳನ್ನು ಕರೆದರು. "ಆ ಪಟ್ಟಿ ಆಸ್ಪತ್ರೆಯಲ್ಲಿ ಇನ್ನೂ ಇದೆ. ಅಕ್ಕ ಈಗ ಇಲ್ಲ, ನೀವು ಅವರ ಹತ್ತಿರದ ಸಂಬಂಧಿ. ಅರ್ಜಿ ಹಾಕಿದರೆ ಅವರ ಸಂಖ್ಯೆ ಯಾವುದು ಅಂತ ಹೇಳ್ತಾರೆ. ನಾನು ಬರೆದುಕೊಡಲಾ?"

"ಬರೆದುಕೊಡಿ," ಅಂದಳು ಲುದಿವಿಯಾ ತಕ್ಷಣ. ಅರ್ಜಿಯನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡು ಮನೆಗೆ ಹೋದಳು. ಮರುದಿನ ಬೆಳಿಗ್ಗೆ ಅದನ್ನು ಡಾಕ್ಟರಮ್ಮನ ಮೇಜಿನ ಮೇಲೆ ವಾಪಸ್ ಇಟ್ಟಳು.

"ಯಾಕೆ?"

"ನಮ್ಮಕ್ಕಂದು ಯಾವುದು ಅಂತ ಹೇಳಿದರೆ ಫ್ಲೋರಾಲ್ಬಾಂದು ಯಾವುದು ಅಂತಲೂ ಹೇಳಿದಂಗೆ ಆಯ್ತಲ್ಲ. ಅವಳು ಬದುಕಿದಾಳೆ. ನಾಳೆ ಅವಳ ಮನೆಗೆ ಊಟಕ್ಕೆ ಹೋಗಬೇಕು ನಾನು. ಯಾವ ಮುಖ ಇಟ್ಟುಕೊಂಡು ಹೋಗಲಿ?"

"ಆ ಸಂಖ್ಯೆಗೆ ಅರ್ಥ ಏನೂ ಇಲ್ಲ ಅಂತ ನೀವೇ ಸಾಬೀತು ಮಾಡಿದ್ದು ಲುದಿವಿಯಾ. ನಿಮ್ಮ ಹೆಸರಲ್ಲೇ ಅಚ್ಚಾಗಿದೆ."

"ಗೊತ್ತು ಡಾಕ್ಟರಮ್ಮಾ," ಅಂದಳು. "ಆದರೂ ಬೇಡ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಹೆಗಲು ಹಾರಿಸಿದೆ. ಅವರು ಅರ್ಜಿಯನ್ನು ಹರಿಯಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಬೇರೆ ಕಾಗದಗಳ ಜೊತೆ ರಟ್ಟಿನ ಪೆಟ್ಟಿಗೆಗೆ ಹಾಕಿದರು, ಆ ಪೆಟ್ಟಿಗೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಲೆಬ್ರಿಹಾದಿಂದ ಅವತ್ತಿನ ಮೊಟ್ಟೆ ಬಂದಿತ್ತು, ಅರವತ್ತು. ಲುದಿವಿಯಾ ಪರದೆ ಎಳೆದು ದೀಪದ ಮುಂದೆ ಕೂತಳು. ಮರುದಿನ, ಶನಿವಾರ, ಫ್ಲೋರಾಲ್ಬಾಳ ಮನೆಗೆ ನಾನೂ ಹೋದೆ. ಹುರಿದ ಯೂಕಾ ಗೆಣಸು, ಮೇಕೆ ಮಾಂಸ ಮಾಡಿದ್ದಳು. ಚೆನ್ನಾಗಿತ್ತು, ಉಪ್ಪು ಸ್ವಲ್ಪ ಜಾಸ್ತಿ. ಹಾಗಂತ ಲುದಿವಿಯಾ ಅವಳ ಮುಖಕ್ಕೇ ಹೇಳಿದಳು.